ಗ್ಯಾಸ್ಟ್ರಿಕ್ಕೋ, ಹೃದಯದ ನೋವೋ?

ಎದೆ ಉರಿ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಕೈಗೆ ಬರುವುದು ಈನೋ, ಇಲ್ಲವೇ ಜೀರಿಗೆ ಕಷಾಯ. ಬಹಳ ಸಲ ಅಷ್ಟೇ ಸಾಕಾಗುತ್ತದೆ ಕೂಡ.

ಗ್ಯಾಸ್ಟ್ರಿಕ್ ಉರಿ ಸಾಮಾನ್ಯವಾಗಿ ಊಟದ ಬೆನ್ನಿಗೇ ಬರುತ್ತದೆ. ಹುಳಿತೇಗು, ಗಂಟಲವರೆಗೆ ಏರುವ ಉರಿ. ಮಲಗಿದರೆ, ಬಗ್ಗಿದರೆ ಜಾಸ್ತಿ. ರಾತ್ರಿ ಬಜ್ಜಿ ತಿಂದು ಹಾಗೇ ಮಲಗಿದವರಿಗೆ ವಿವರಿಸಬೇಕಿಲ್ಲ.

ಹೃದಯದ ನೋವಿನಲ್ಲಿ ಉರಿಗಿಂತ ಭಾರ ಹೆಚ್ಚು, ಎದೆ ಹಿಂಡಿದ ಹಾಗೆ. ಎಲ್ಲಿ ನೋವು ಅಂತ ಕೇಳಿದರೆ ಹಲವರು ಬೆರಳಿಟ್ಟು ತೋರಿಸುವುದಿಲ್ಲ, ಎದೆಯ ನಡುವೆ ಮುಷ್ಟಿ ಇಡುತ್ತಾರೆ. ಎಡಗೈ, ದವಡೆ, ಬೆನ್ನಿಗೂ ಹರಡಬಹುದು; ಜೊತೆಗೆ ತಣ್ಣನೆಯ ಬೆವರು, ಏದುಸಿರು. ಮೆಟ್ಟಿಲು ಹತ್ತುವಾಗ ಬಂದು, ಕೂತರೆ ಹೋಗುವ ನೋವನ್ನೂ ತೋರಿಸಿಕೊಳ್ಳಲೇಬೇಕು.

ಆದರೆ ಈ ಗೆರೆ ಅಷ್ಟು ನೇರವಾಗಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಬರೀ ಸುಸ್ತು, ವಾಂತಿ, ಮೇಲ್ಹೊಟ್ಟೆಯ ಉರಿಯ ರೂಪದಲ್ಲೂ ಬರಬಹುದು. ತೇಗು ಬಂದು ಹಗುರಾಯಿತು ಅನ್ನುವುದನ್ನು ನಾನಂತೂ ಪುರಾವೆ ಅಂತ ಒಪ್ಪುವುದಿಲ್ಲ.

ಅನುಮಾನ ಬಂದರೆ 108ಕ್ಕೆ ಫೋನ್ ಮಾಡಿ, ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಉಚಿತ. ಮೊದಲ ಇಸಿಜಿ ಸರಿಯಿದ್ದರೂ ಡಾಕ್ಟರು ಮತ್ತೊಂದು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ನೋಡುವುದು) ಬೇಕೆಂದರೆ, ದುಡ್ಡಿಗಾಗಿ ಹೇಳುತ್ತಿದ್ದಾರೆ ಅಂತ ಎದ್ದು ಬರಬೇಡಿ. ಶುರುವಿನಲ್ಲಿ ಇಸಿಜಿ ಏನನ್ನೂ ತೋರಿಸದೆ ಇರುವುದುಂಟು.