ಶಿರಸಿಯ ಸಂಜೆ ಇಂಗ್ಲಿಷ್ ಕ್ಲಾಸು: ಉಂಬಳ ಓಡಿಸಲು ಯಾವ ಪದ?

ನಮ್ಮದು ಶಿರಸಿ ಹತ್ತಿರ ಹೋಂಸ್ಟೇ. ಮಳೆಗಾಲದ ಅತಿಥಿಗಳು ಮೊದಲು ಕೇಳುವುದೇ ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಬಗ್ಗೆ. ಬೇವಿನೆಣ್ಣೆ ಕೊಟ್ಟು ‘ಸ್ಟಾಪ್ ಲೀಚ್’ ಅಂತಷ್ಟೇ ಹೇಳಲು ಬರುತ್ತಿತ್ತು. ಅದಕ್ಕೇ ಪೇಟೆಯ ಈ ಸಂಜೆ ಕ್ಲಾಸಿಗೆ 2 ತಿಂಗಳು ಹೋದೆ.

‘ತಡೆಯುವ’ ಪದಗಳ ಪಾಠ ಒಂದಕ್ಕೇ ಕೊಟ್ಟ ಫೀಸು ಸಾರ್ಥಕ. ನಾವು ಎಲ್ಲದಕ್ಕೂ ತಡೆ, ಓಡಿಸು ಅನ್ನುತ್ತೇವೆ ಅಲ್ವಾ? ಇಂಗ್ಲಿಷಿನಲ್ಲಿ ಎಣ್ಣೆ ಉಂಬಳವನ್ನು ‘ರಿಪೆಲ್’ ಮಾಡುತ್ತದೆ. ಹಿಂದಕ್ಕೆ ತಳ್ಳುವುದು ಅಂತ ಅದರ ಲ್ಯಾಟಿನ್ ಮೂಲದ ಅರ್ಥ. ಕೋಲು ಹಿಡಿದು ಮಂಗ ಓಡಿಸಿದರೆ ‘ಫೆಂಡ್ ಆಫ್’. ಡಿಫೆಂಡ್ ಪದದ ಮೊದಲ ತುಂಡು ಉದುರಿ ಉಳಿದದ್ದು ಅದು. ದೃಷ್ಟಿಗೆ ಬೂದುಗುಂಬಳ ಕಟ್ಟಿದರೆ ‘ವಾರ್ಡ್ ಆಫ್’.

ನನಗೆ ತುಂಬಾ ಹಿಡಿಸಿದ್ದು ‘ಸ್ಟೇವ್ ಆಫ್’. ಮೇಡಂ ಎಲ್ಲರ ಕೈಗೂ ಒಂದೊಂದು ಹಿಡಿ ಅವಲಕ್ಕಿ ಹಾಕಿದರು. ತಿಂದ ಮೇಲೆ, “ಹಸಿವು ಹೋಯ್ತಾ?” ಅಂದರು. “ಇಲ್ಲ ಮೇಡಂ, ಊಟದವರೆಗೆ ತಡೀಬಹುದು” ಅಂದೆ. “ಅದೇ ಸ್ಟೇವ್ ಆಫ್!” ಇನ್ನು ಮರೆಯುವ ಮಾತೇ ಇಲ್ಲ.

ಒಂದು ಬ್ಯಾಚಿಗೆ 30 ಜನ ಅಂದರೆ ಜಾಸ್ತಿ ಆಯ್ತು. ಮಾತಾಡುವ ಸರದಿ ಬರುವಷ್ಟರಲ್ಲಿ ನಮ್ಮೂರ ಕೊನೇ ಬಸ್ಸಿನ ಹೊತ್ತು. ಅದನ್ನು ಸರಿ ಮಾಡಲೇಬೇಕು.

ಕಳೆದ ವಾರ ಪುಣೆಯ ಅತಿಥಿಗೆ ‘ದಿಸ್ ಆಯಿಲ್ ರಿಪೆಲ್ಸ್ ಲೀಚಸ್’ ಅಂದೆ. ಅವರು ಕಾಲಿಗೆ ಸವರಿಕೊಂಡು ತೋಟಕ್ಕೆ ಇಳಿದರು.