ರಿಟೈನರ್ ತೊಳೆಯುವ ಮಾತ್ರೆ: ಎರಡು ವರ್ಷ ಬಳಸಿದ ಮೇಲೆ

ಹಲ್ಲಿನ ಕ್ಲಿಪ್ ಬಿಚ್ಚಿದ ಮೇಲೆ ರಾತ್ರಿ ಹಾಕಿಕೊಳ್ಳಲು ನನಗೆ ಪಾರದರ್ಶಕ ರಿಟೈನರ್ ಕೊಟ್ಟರು, ಅಂದರೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಪ್ಲಾಸ್ಟಿಕ್ ಅಚ್ಚು. ಅದನ್ನು ತೊಳೆಯಲು ಹಿರಿಯರು ಹಲ್ಲಿನ ಸೆಟ್ಟಿಗೆ ಬಳಸುವ ನೊರೆ ಬರುವ ಮಾತ್ರೆಯನ್ನೇ ತರುತ್ತಿದ್ದೇನೆ. ಇಲ್ಲಿ ಮಂಗಳೂರಿನಲ್ಲಿ ಮೆಡಿಕಲ್‌ಗಳಲ್ಲೇ ಸಿಗುತ್ತದೆ.

ವಾಸನೆಗೆ ಇದು ನಿಜಕ್ಕೂ ಒಳ್ಳೆಯದು. ಬಂಗುಡೆ ಪುಳಿಮುಂಚಿ ಉಂಡು, ಅವಸರದಲ್ಲಿ ಹಲ್ಲುಜ್ಜಿ ಮಲಗಿದರೆ ಬೆಳಿಗ್ಗೆ ರಿಟೈನರನ್ನು ಮೂಗಿನ ಹತ್ತಿರ ತರಲಾಗುವುದಿಲ್ಲ. ಒಂದು ಲೋಟ ನೀರಿಗೆ ಮಾತ್ರೆ ಹಾಕಿ ಹದಿನೈದು ನಿಮಿಷ ಮುಳುಗಿಸಿಟ್ಟರೆ ಸಾಕು, ಹೊಸದರ ಹಾಗೆ ಇರುತ್ತದೆ. ಆಮೇಲೆ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದೇ ಬಾಯಿಗಿಡಬೇಕು. ಕೆಲವು ಮಾತ್ರೆಗಳಲ್ಲಿರುವ ಪರ್ಸಲ್ಫೇಟ್ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ ಮಾಡುತ್ತದೆ, ಪೊಟ್ಟಣ ಓದಿ ತೆಗೆದುಕೊಳ್ಳಿ.

ಆದರೆ ಮೊದಲ ಆರು ತಿಂಗಳು ಮಾತ್ರೆಯನ್ನೇ ನಂಬಿ ನಾನು ಉಜ್ಜುವುದನ್ನು ಬಿಟ್ಟಿದ್ದೆ. ಕೆಳಗಿನ ಮುಂದಿನ ಹಲ್ಲು ಕೂರುವ ಕಡೆ, ಒಳಬದಿಯಲ್ಲಿ, ಅಕ್ಕಿ ನುಚ್ಚು ಅಂಟಿದಂತೆ ಬಿಳಿ ಪದರ ಗಟ್ಟಿಯಾಯಿತು. ಉಗುರಲ್ಲಿ ಕೆರೆದರೂ ಬರಲಿಲ್ಲ. ಎಂಜಲಿನಲ್ಲಿರುವ ಕ್ಯಾಲ್ಸಿಯಂ ಕೂತು ಹಾಗಾಗುತ್ತದೆ, ಅದಕ್ಕೆ ನೊರೆ ಸಾಲದು. ಬಿಳಿ ವಿನೆಗರ್‌ಗೆ ಅಷ್ಟೇ ತಣ್ಣೀರು ಬೆರೆಸಿ ಅರ್ಧ ಗಂಟೆ ಇಟ್ಟು, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿದಾಗ ಒಂದೊಂದಾಗಿ ಬಿಟ್ಟಿತು. ತಂತಿ ಇರುವ ರಿಟೈನರ್ ಆದರೆ ಹುಳಿಯಲ್ಲಿ ಜಾಸ್ತಿ ಹೊತ್ತು ಇಡಬೇಡಿ.

ಈಗ ದಿನಾ ಬೆಳಿಗ್ಗೆ ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಬೇರೆಯೇ ಬ್ರಷ್. ಟೂತ್‌ಪೇಸ್ಟ್ ಬೇಡ, ಅದರ ಪುಡಿಯಿಂದ ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಮಾತ್ರೆ ವಾರಕ್ಕೆ ಎರಡೇ.

ಬಿಸಿನೀರಂತೂ ಬೇಡವೇ ಬೇಡ. ನನ್ನ ಮೊದಲ ರಿಟೈನರನ್ನು ಅಮ್ಮ, 'ಮಗುವಿನ ಬಾಟಲಿ ಕುದಿಸುವುದಿಲ್ವಾ, ಹಾಗೆಯೇ' ಎಂದು ಕುದಿಯುವ ನೀರಿಗೆ ಹಾಕಿದರು. ಪ್ರೀತಿಯಿಂದಲೇ ಮಾಡಿದ್ದು. ತೆಗೆದಾಗ ಅಂಚು ಸುರುಟಿತ್ತು, ಹಲ್ಲಿಗೆ ಕೂರಲೇ ಇಲ್ಲ. ಮತ್ತೆ ಅಳತೆ ಕೊಟ್ಟು ಹೊಸದು ಮಾಡಿಸಬೇಕಾಯಿತು.

ಇನ್ನು ನಮ್ಮ ಮಳೆ. ತುಳುವರ ಮಳೆ ತಿಂಗಳು ಆಟಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮುಚ್ಚಿದ ಡಬ್ಬಿಯಲ್ಲಿ ಒದ್ದೆ ರಿಟೈನರ್ ಒಣಗುತ್ತದಾ? ತೂತು ಇರುವ ಡಬ್ಬಿಯೇ ಬೇಕು, ಅದನ್ನೂ ಆಗಾಗ ಸೋಪಿನಲ್ಲಿ ತೊಳೆದು ಒರೆಸಿಡಿ. ಮಾತ್ರೆಗೂ ಮಳೆಯ ಕಾಟ: ಒಂದೇ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ತುಂಬಿ ಬರುವ ಮಾತ್ರೆ ಒಮ್ಮೆ ತೇವ ಹಿಡಿದು, ನೀರಿಗೆ ಹಾಕಿದರೆ ನೊರೆಯೇ ಬರಲಿಲ್ಲ. ಅಂದಿನಿಂದ ಒಂದೊಂದನ್ನೂ ಹಾಳೆಯಲ್ಲಿ ಸೀಲ್ ಮಾಡಿದ್ದನ್ನೇ ಕೇಳಿ ತರುತ್ತೇನೆ.