ಸಣ್ಣ ಲೇಬಲ್ ನಡೆಸುವವರಿಗೆ ಬ್ಯಾಂಡ್‌ಕ್ಯಾಂಪ್: ದೀರ್ಘ ನಾದದ ಸಂಗೀತಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ?

ನಾನು ನಡೆಸುವ ಲೇಬಲ್, ಅಂದರೆ ಸಂಗೀತ ಹೊರತರುವ ಸಂಸ್ಥೆ, ಬಹಳ ಚಿಕ್ಕದು. ವರ್ಷಕ್ಕೆ ನಾಲ್ಕೋ ಐದೋ ಬಿಡುಗಡೆಗಳು, ಪ್ರತಿಯೊಂದಕ್ಕೂ 50ರಿಂದ 100 ಕ್ಯಾಸೆಟ್‌ಗಳು, ಜೊತೆಗೆ ಡಿಜಿಟಲ್ ಪ್ರತಿ. ಅಷ್ಟೇ ಅದರ ವ್ಯಾಪ್ತಿ. ನಾವು ಹೊರತರುವುದು ಡ್ರೋನ್ ಎಂದು ಕರೆಯಲಾಗುವ ಪ್ರಾಯೋಗಿಕ ಸಂಗೀತ. ಒಂದೇ ಸ್ವರವೋ ಕೆಲವೇ ಸ್ವರಗಳ ಗುಚ್ಛವೋ 20 ನಿಮಿಷ, 40 ನಿಮಿಷ ನಿಂತಿರುತ್ತದೆ. ಅದರೊಳಗೆ ನಿಧಾನವಾಗಿ ಆಗುವ ಬದಲಾವಣೆಗಳೇ ಸಂಗೀತದ ವಸ್ತು. ತಂಬೂರಿಯ ಶ್ರುತಿಯನ್ನು ಹಾಡಿಗೆ ಆಧಾರವಾಗಿ ಅಲ್ಲದೆ, ಅದಕ್ಕಾಗಿಯೇ ಕಿವಿಗೊಟ್ಟು ಕೇಳಿದವರಿಗೆ ಇದರ ಪರಿಚಯ ಅರ್ಧ ಆಗಿಯೇ ಇರುತ್ತದೆ. ಈ ಪ್ರಕಾರದ ಹಿರಿಯರಲ್ಲಿ ಒಬ್ಬರಾದ ಅಮೆರಿಕದ ಸಂಯೋಜಕ ಲಾ ಮಾಂಟ್ ಯಂಗ್ ಅವರು 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದದ್ದು ಆಕಸ್ಮಿಕವಲ್ಲ ಎಂದೇ ನನ್ನ ಭಾವನೆ.

ಇಂಥ ಸಂಗೀತವನ್ನು ಮಾರುವುದಕ್ಕೆ ನಾನು ವರ್ಷಗಳಿಂದ ಬಳಸುತ್ತಿರುವ ಸೇವೆ ಬ್ಯಾಂಡ್‌ಕ್ಯಾಂಪ್; ಕಲಾವಿದರೂ ಲೇಬಲ್‌ಗಳೂ ತಮ್ಮ ಸಂಗೀತವನ್ನು ಕೇಳುಗರಿಗೆ ನೇರವಾಗಿ ಮಾರುವ ಅಂತರ್ಜಾಲದ ಅಂಗಡಿ ಅದು. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದು ಕಲಾವಿದರಿಗೆ ಎಷ್ಟು ಪಾಲು ಬಿಟ್ಟುಕೊಡುತ್ತದೆ ಎಂಬುದರಿಂದ ಆರಂಭಿಸುತ್ತಾರೆ. ಅದು ಮುಖ್ಯವೇ, ಮುಂದೆ ಹೇಳುತ್ತೇನೆ. ಆದರೆ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ: ಇಲ್ಲಿ ಕೊಂಡವರು ಯಾರೆಂದು ನಮಗೆ ಗೊತ್ತಾಗುತ್ತದೆ. ಪ್ರತಿ ಮಾರಾಟಕ್ಕೂ ಒಂದು ಹೆಸರಿರುತ್ತದೆ, ಕ್ಯಾಸೆಟ್ ಕೊಂಡಿದ್ದರೆ ಅಂಚೆ ವಿಳಾಸವೂ ಇರುತ್ತದೆ. 60 ಜನ ಕೇಳುಗರನ್ನು ನೆಚ್ಚಿಕೊಂಡ ಲೇಬಲ್‌ಗೆ ಆ 60 ಜನ ಯಾರು ಎಂದು ತಿಳಿದಿರುವುದೇ ಬಂಡವಾಳ.

ಇದು ಎಷ್ಟು ದೊಡ್ಡ ವಿಷಯ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಒಂದು ಕೆಟ್ಟ ಅನುಭವ. ನಮ್ಮ ಒಂದು ಬಿಡುಗಡೆಯ 50 ಕ್ಯಾಸೆಟ್‌ಗಳನ್ನು ಪ್ರತಿ ಮಾಡಿಸಲು ಒಂದು ಸಂಸ್ಥೆಗೆ ಕೊಟ್ಟಿದ್ದೆವು. ಬಂದ ಪೆಟ್ಟಿಗೆಯಿಂದ ಮೂರು ಕ್ಯಾಸೆಟ್‌ಗಳನ್ನು ತೆಗೆದು ಕೇಳಿದೆ; ಮೂರೂ ಚೆನ್ನಾಗಿದ್ದವು. 31 ಪೊಟ್ಟಣಗಳು ಅಂಚೆಗೆ ಹೋದ ಮೇಲೆ ನಾಲ್ಕನೆಯದೊಂದನ್ನು ಸುಮ್ಮನೆ ಹಾಕಿದಾಗ ಎರಡನೆಯ ಬದಿಯಲ್ಲಿ ಸ್ವರ ತೂಗಾಡುತ್ತಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತಲೂ ಕಡಿಮೆ, ನಿಖರವಾಗಿ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಪ್ರತಿ ಮಾಡುವ ಯಂತ್ರದ ವೇಗದಲ್ಲಿ ಕೊಂಚ ಏರುಪೇರಾದರೂ ಶ್ರುತಿ ಅಲುಗುತ್ತದೆ. ಡ್ರಮ್ಮು, ಗಿಟಾರು, ಹಾಡು ತುಂಬಿದ ಸಂಗೀತದಲ್ಲಿ ಆ ಅಲುಗಾಟ ಮರೆಯಾಗಿಬಿಡಬಹುದು. ಒಂದೇ ಸ್ವರ 22 ನಿಮಿಷ ನಿಂತಿರುವಾಗ ಅದಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ನೀರಿನ ಮೇಲಿನ ದೀಪದ ಹಾಗೆ ಇಡೀ ಬದಿ ತೊನೆಯುತ್ತಿತ್ತು.

ಮಾರಾಟದ ವರದಿಯನ್ನು ಇಳಿಸಿಕೊಂಡು ಆ 31 ಜನಕ್ಕೂ ಒಬ್ಬೊಬ್ಬರಿಗೆ ಬರೆದೆ: ನಿಮ್ಮ ಪ್ರತಿಯನ್ನು ಕೇಳಿ ನೋಡಿ, ದೋಷವಿದ್ದರೆ ಬೇರೊಂದನ್ನು ನಮ್ಮ ಖರ್ಚಿನಲ್ಲಿ ಕಳುಹಿಸುತ್ತೇವೆ, ಹಳೆಯದನ್ನು ಹಿಂದಿರುಗಿಸಬೇಕಿಲ್ಲ. ಒಂಬತ್ತು ಜನ ದೋಷವಿದೆ ಎಂದರು. ಅವರಲ್ಲಿ ಇಬ್ಬರು, ಆ ತೊನೆದಾಟವೇ ಹಿಡಿಸಿದೆ, ಬೇರೆ ಬೇಡ ಎಂದು ಬರೆದರು. ಒಬ್ಬರು ತಮ್ಮ ಡೆಕ್ಕಿನದೇ ತಪ್ಪಿರಬೇಕೆಂದು ತಿಂಗಳಿನಿಂದ ಅದನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದರಂತೆ. ಅಂಗಡಿಗಳ ಮೂಲಕವೋ ವಿತರಕರ ಮೂಲಕವೋ ಮಾರಿದ್ದರೆ ಈ ಮೂವರನ್ನೂ ನಾನು ತಲುಪುತ್ತಿರಲಿಲ್ಲ, ದೋಷಪೂರಿತ ಕ್ಯಾಸೆಟ್ ಕಳುಹಿಸಿದ ಲೇಬಲ್ ಎಂಬ ಹೆಸರು ಮಾತ್ರ ಉಳಿಯುತ್ತಿತ್ತು. ಆ ಒಂಬತ್ತು ಜನರಲ್ಲಿ ಆರು ಜನ ಈಗಲೂ ನಮ್ಮ ಪ್ರತಿ ಬಿಡುಗಡೆಯನ್ನೂ ಕೊಳ್ಳುತ್ತಾರೆ.

ಈಗ ಹಣದ ವಿಷಯ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇ. 15ರಷ್ಟು, ಕ್ಯಾಸೆಟ್, ಎಲ್‌ಪಿ ಮೊದಲಾದ ವಸ್ತುಗಳಲ್ಲಿ ಶೇ. 10ರಷ್ಟು ಪಾಲು ತೆಗೆದುಕೊಳ್ಳುತ್ತದೆ. ಮಾರಾಟ ಒಂದು ಮಟ್ಟ ದಾಟಿದರೆ ಡಿಜಿಟಲ್ ಪಾಲೂ ಶೇ. 10ಕ್ಕೆ ಇಳಿಯುತ್ತದೆ, ಆದರೆ ನಮ್ಮ ಗಾತ್ರದ ಲೇಬಲ್‌ಗಳು ಆ ಮಟ್ಟವನ್ನು ಮುಟ್ಟುವುದು ಅಪರೂಪ. ಇದರ ಮೇಲೆ ಪಾವತಿ ಸಂಸ್ಥೆಯ ಶುಲ್ಕ ಬೇರೆ. ಆ ಶುಲ್ಕದಲ್ಲಿ ಪ್ರತಿ ವ್ಯವಹಾರಕ್ಕೂ ಬದಲಾಗದ ಒಂದು ಭಾಗ ಇರುವುದರಿಂದ, ತೀರ ಕಡಿಮೆ ಬೆಲೆ ಇಟ್ಟರೆ ಕೈಗೆ ಬರುವುದು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಒಂದು ಟ್ರ್ಯಾಕಿಗೆ ಕನಿಷ್ಠ ಬೆಲೆ ಇಡುವುದಕ್ಕಿಂತ, ಬಿಡಿ ಟ್ರ್ಯಾಕುಗಳ ಮಾರಾಟವನ್ನು ನಿಲ್ಲಿಸಿ ಇಡೀ ಆಲ್ಬಮ್ಮಿಗೆ ಒಂದು ಗೌರವದ ಬೆಲೆ ಇಡುವುದು ಮೇಲು ಎಂದು ನಾನು ಕಲಿತದ್ದು ಹೀಗೆಯೇ.

ಬೆಲೆಯನ್ನು ಕೊಳ್ಳುವವರಿಗೇ ಬಿಡುವ ಏರ್ಪಾಡೂ ಇದೆ: ಕನಿಷ್ಠ ಮೊತ್ತವನ್ನು ನಾವು ಹೇಳಬಹುದು, ಅದರ ಮೇಲೆ ಎಷ್ಟು ಬೇಕಾದರೂ ಅವರು ಕೊಡಬಹುದು. ಕನಿಷ್ಠವನ್ನು ಸೊನ್ನೆಗೆ ಇಟ್ಟರೆ ತಿಂಗಳಿಗೆ 200 ಉಚಿತ ಡೌನ್‌ಲೋಡುಗಳ ಮಿತಿ ಇದೆ. ಆಶ್ಚರ್ಯವೆಂದರೆ, ಈ ಸಂಗೀತವನ್ನು ಕೇಳುವವರು ನಿಗದಿತ ಬೆಲೆಗಿಂತ ಹೆಚ್ಚು ಕೊಡುವುದು ಅಪರೂಪವಲ್ಲ. 2020ರ ಮಾರ್ಚ್ 20ರಂದು ಸಾಂಕ್ರಾಮಿಕದ ದಿನಗಳಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ, ಅಂದರೆ ಗೊತ್ತುಪಡಿಸಿದ ಕೆಲವು ಶುಕ್ರವಾರಗಳಲ್ಲಿ, ಸಂಸ್ಥೆ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಅಂದು ಕೊಳ್ಳಲೆಂದೇ ಕಾಯುವ ಕೇಳುಗರು ನಮಗೆ ಕೆಲವರಿದ್ದಾರೆ. ಆದರೆ ಬಿಡುಗಡೆಯನ್ನು ಅದೇ ದಿನಕ್ಕೆ ಇಡುವುದನ್ನು ನಾನು ನಿಲ್ಲಿಸಿದ್ದೇನೆ. ಎಲ್ಲ ಲೇಬಲ್‌ಗಳೂ ಅಂದೇ ಪತ್ರ ಕಳುಹಿಸುತ್ತವೆ, ಮೆಲುದನಿಯ ಸಂಗೀತ ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಒಂದು ವಾರ ಮೊದಲೇ ಹೊರತಂದು, ಕೇಳಿದವರು ಶುಕ್ರವಾರ ಕೊಳ್ಳಲಿ ಎಂದು ಬಿಡುವುದೇ ನಮಗೆ ಒಗ್ಗಿದೆ.

ಸ್ಟ್ರೀಮಿಂಗ್ ಸೇವೆಗಳ ಲೆಕ್ಕದೊಡನೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆ. ಎರಡು ನಿಮಿಷದ ಹಾಡಿಗೂ 40 ನಿಮಿಷದ ಡ್ರೋನಿಗೂ ಎಣಿಕೆ ಒಂದೇ. 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಆಲಿಕೆಗಳನ್ನು ಮುಟ್ಟದ ಟ್ರ್ಯಾಕಿಗೆ ಅದೂ ಇಲ್ಲ. 40 ನಿಮಿಷದ ಕೃತಿಯೊಂದನ್ನು 60 ಜನ ವರ್ಷಕ್ಕೆ ಹತ್ತು ಹತ್ತು ಬಾರಿ ಪೂರ್ತಿಯಾಗಿ ಕೇಳಿದರೆ 400 ಗಂಟೆಗಳ ಆಲಿಕೆಯಾಯಿತು; ಆ ಲೆಕ್ಕದಲ್ಲಿ ಅದು 600 ಮಾತ್ರ, ಹಾಗಾಗಿ ಬರುವುದು ಸೊನ್ನೆ. ಅದೇ 60 ಜನ ಒಂದೊಂದು ಕ್ಯಾಸೆಟ್ ಕೊಂಡರೆ ಮುದ್ರಣದ ಖರ್ಚು ಹಿಂದಿರುಗಿ, ಮುಂದಿನ ಬಿಡುಗಡೆಗೆ ದಾರಿಯಾಗುತ್ತದೆ. ಉದ್ದವನ್ನು ಶಿಕ್ಷಿಸದ ಅಂಗಡಿ ನಮಗೆ ಬೇಕು, ಬ್ಯಾಂಡ್‌ಕ್ಯಾಂಪ್ ಅಂಥದ್ದು.

ಉದ್ದಕ್ಕೆ ಇಲ್ಲಿಯೂ ಒಂದು ತೊಡಕಿದೆ, ಅದು ಕಡತದ ಗಾತ್ರದ್ದು. ಹೊಸ ಖಾತೆಗಳಿಗೆ ಒಂದು ಟ್ರ್ಯಾಕಿನ ಗಾತ್ರ 291 ಎಂಬಿ ಮೀರುವಂತಿಲ್ಲ. ಕೊಂಚ ಮಾರಾಟವಾದ ಮೇಲೆ ಆ ಮಿತಿ 600ಕ್ಕೆ ಏರುತ್ತದೆ. ಸಿಡಿ ಗುಣಮಟ್ಟದ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ನ, ಕುಗ್ಗಿಸದ ವೇವ್ ಕಡತ ನಿಮಿಷಕ್ಕೆ ಸುಮಾರು 10.6 ಎಂಬಿ ತೂಗುತ್ತದೆ. ಹಾಗಾಗಿ 291 ಎಂಬಿಗೆ 27 ನಿಮಿಷದ ಆಸುಪಾಸಿನಲ್ಲಿ ಜಾಗ ಮುಗಿಯುತ್ತದೆ. ನಮ್ಮ ಕಲಾವಿದರೊಬ್ಬರ 47 ನಿಮಿಷದ ಕೃತಿ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 812 ಎಂಬಿ ಆಗಿತ್ತು. ಧ್ವನಿಗೆ ನಷ್ಟವಾಗದಂತೆ ಕಡತವನ್ನು ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಪರಿವರ್ತಿಸಿದಾಗ ಸರಾಗವಾಗಿ ಒಳಗೆ ಕುಳಿತಿತು, ಏಕೆಂದರೆ ಅದು ಮೆಲುವಾದ, ನಯವಾದ ಸ್ವರಗಳ ಕೃತಿ. ಮುಂದಿನ ಅಲೆ ಹೇಗಿರುತ್ತದೆ ಎಂದು ಊಹಿಸಬಲ್ಲ ಧ್ವನಿಯನ್ನು ಫ್ಲ್ಯಾಕ್ ಚೆನ್ನಾಗಿ ಮಡಚುತ್ತದೆ. ಮೊರೆತವೇ ಪ್ರಧಾನವಾದ ಕೃತಿಗಳಲ್ಲಿ ಈ ಉಳಿತಾಯ ತೀರ ಕಡಿಮೆ. ಅಂಥದ್ದೊಂದು ಬಂದಾಗ ಕೃತಿಯನ್ನು ಎರಡಾಗಿ ಕತ್ತರಿಸುವುದೋ ಬಿಟ್ ಆಳವನ್ನು ಇಳಿಸುವುದೋ ಎಂದು ಕಲಾವಿದರೊಡನೆ ಕುಳಿತು ನಿರ್ಧರಿಸಬೇಕಾಗುತ್ತದೆ. ಕತ್ತರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 16 ಬಿಟ್ ಸಾಕು, ಕೃತಿ ಒಂದಾಗಿರಲಿ.

ಕೊಳ್ಳದೆ ಕೇಳುವವರಿಗೆ ಪುಟದಲ್ಲಿ ಹರಿಯುವುದು 128 ಕೆಬಿಪಿಎಸ್‌ನ, ಅಂದರೆ ಗುಣಮಟ್ಟ ಇಳಿಸಿ ಕುಗ್ಗಿಸಿದ ಎಂಪಿ3. ಸಾಮಾನ್ಯ ಹಾಡಿಗೆ ಇದು ರುಚಿ ತೋರಿಸಲು ಸಾಕು. ಡ್ರೋನಿನಲ್ಲಿ ಮೇಲಿನ ಹಾರ್ಮೋನಿಕ್ಕುಗಳು, ಅಂದರೆ ಮೂಲ ಸ್ವರದ ಮೇಲೆ ಕೇಳುವ ಉಪಸ್ವರಗಳು, ಒಂದರೊಡನೊಂದು ಉಜ್ಜಿಕೊಳ್ಳುವ ಜಾಗದಲ್ಲೇ ಸಂಗೀತ ನಡೆಯುತ್ತಿರುವಾಗ ಈ ಇಳಿಕೆ ಕಿವಿಗೆ ಬೀಳುತ್ತದೆ. ಕೊಂಡವರು ಫ್ಲ್ಯಾಕ್, ವೇವ್ ಮುಂತಾದ ನಷ್ಟವಿಲ್ಲದ ರೂಪಗಳಲ್ಲಿ ಇಳಿಸಿಕೊಳ್ಳಬಹುದು ಎಂಬುದನ್ನು ಪ್ರತಿ ಬಿಡುಗಡೆಯ ಟಿಪ್ಪಣಿಯಲ್ಲೂ ನಾನು ಎತ್ತಿ ಹೇಳುವುದು ಇದಕ್ಕಾಗಿಯೇ.

ಕ್ಯಾಸೆಟ್ ಮಾರುವ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಎಷ್ಟು ಪ್ರತಿಗಳಿವೆ ಎಂದು ನಮೂದಿಸಿದರೆ ಮಾರಿದಂತೆಲ್ಲ ಎಣಿಕೆ ಇಳಿಯುತ್ತದೆ, ಮುಗಿದಾಗ ತಾನಾಗಿ ಮುಗಿದಿದೆ ಎಂದು ತೋರುತ್ತದೆ. ಕ್ಯಾಸೆಟ್ ಕೊಂಡವರಿಗೆ ಡಿಜಿಟಲ್ ಪ್ರತಿ ಜೊತೆಗೇ ಸಿಗುತ್ತದೆ. ಸಾಗಾಟದ ದರಗಳನ್ನು ದೇಶವಾರು ನಾವೇ ನಮೂದಿಸಬೇಕು. ಅಂಚೆ ದರ ಏರಿದಾಗ ಇದನ್ನು ತಿದ್ದಲು ಮರೆತರೆ ನಷ್ಟ ಪೂರ್ತಿ ನಮ್ಮದು. ಪೊಟ್ಟಣ ಕಟ್ಟುವುದು, ಒಳಗೆ ಕೈಬರಹದ ಚೀಟಿ ಇಡುವುದು, ಅಂಚೆಗೆ ಒಯ್ಯುವುದು, ಇವೆಲ್ಲ ನಮ್ಮ ಕೆಲಸವಾಗಿಯೇ ಉಳಿದಿವೆ, ಅದರಲ್ಲಿ ನನಗೆ ದೂರಿಲ್ಲ.

ಹೊಸ ಕೇಳುಗರು ಬರುವ ದಾರಿಯ ಬಗ್ಗೆ ಒಂದು ಮಾತು. ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಸಾಲಾಗಿ ಕಾಣುತ್ತವೆ. ಒಂದನ್ನು ಒತ್ತಿದರೆ ಅವರು ಕೊಂಡ ಇತರ ಸಂಗೀತವೆಲ್ಲ ತೆರೆದುಕೊಳ್ಳುತ್ತದೆ. ಯಾವ ಜಾಹೀರಾತೂ ನಮಗೆ ತಂದುಕೊಡದ ಕೇಳುಗರನ್ನು ಈ ಸಾಲು ತಂದುಕೊಟ್ಟಿದೆ. ನಾನೂ ನನ್ನ ಲೇಬಲ್‌ನ ಇಬ್ಬರು ಕಲಾವಿದರನ್ನು ಕಂಡುಕೊಂಡದ್ದು ಹೀಗೆ ಒಬ್ಬರ ಕಪಾಟಿನಿಂದ ಇನ್ನೊಬ್ಬರ ಕಪಾಟಿಗೆ ಹೋಗುತ್ತಲೇ. ಡ್ರೋನ್ ಎಂಬ ಟ್ಯಾಗಿನಡಿ ಹುಡುಕುವುದು ಮಾತ್ರ ಈಗ ಅಷ್ಟು ಫಲ ಕೊಡುವುದಿಲ್ಲ, ಅಲ್ಲಿ ಬಂದು ಬೀಳುವ ರಾಶಿ ಅಷ್ಟು ದೊಡ್ಡದಾಗಿದೆ.

ಲೇಬಲ್‌ಗಳಿಗೆಂದು ತಿಂಗಳ ಶುಲ್ಕದ ಪ್ರತ್ಯೇಕ ಖಾತೆಯಿದೆ. ಅದರಲ್ಲಿ ಪ್ರತಿ ಕಲಾವಿದರಿಗೂ ಬೇರೆ ಪುಟ ತೆರೆಯಬಹುದು. ವರ್ಷಕ್ಕೆ ನಾಲ್ಕು ಬಿಡುಗಡೆ ಮಾಡುವವರಿಗೆ ಅದು ಬೇಕಿಲ್ಲ. ಸಾಮಾನ್ಯ ಖಾತೆಯಲ್ಲೇ ಪ್ರತಿ ಆಲ್ಬಮ್ಮಿಗೂ ಕಲಾವಿದರ ಹೆಸರನ್ನು ಬೇರೆ ನಮೂದಿಸಬಹುದು. ಹಣ ಹಂಚುವ ಲೆಕ್ಕವನ್ನು ಆಗ ನಾವೇ ಬರೆದಿಡಬೇಕು. ನಮ್ಮ ಒಪ್ಪಂದ ಸರಳ: 50 ಕ್ಯಾಸೆಟ್‌ಗಳಲ್ಲಿ 10 ಕಲಾವಿದರಿಗೆ, ಉಳಿದವುಗಳ ಹಣ ಖರ್ಚು ತೀರುವವರೆಗೆ ಲೇಬಲ್‌ಗೆ, ಆಮೇಲೆ ಬಂದದ್ದೂ ಡಿಜಿಟಲ್ ಆದಾಯವೂ ಅರ್ಧ ಅರ್ಧ. ಆರು ತಿಂಗಳಿಗೊಮ್ಮೆ ಮಾರಾಟದ ವರದಿಯನ್ನೇ ಕಲಾವಿದರಿಗೆ ಕಳುಹಿಸುತ್ತೇನೆ. ಮೊತ್ತ ಎಷ್ಟೇ ಚಿಕ್ಕದಿರಲಿ, ಲೆಕ್ಕ ಕಣ್ಣೆದುರಿಗಿದ್ದರೆ ಸಂಬಂಧ ಕೆಡುವುದಿಲ್ಲ.

ಕೊನೆಯದಾಗಿ, ನನ್ನನ್ನು ನಿಜವಾಗಿ ಕಾಡುವ ವಿಷಯ. 2008ರಲ್ಲಿ ಆರಂಭವಾದ ಈ ಸೇವೆಯನ್ನು 2022ರ ಮಾರ್ಚ್‌ನಲ್ಲಿ ವಿಡಿಯೋ ಆಟಗಳ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು. 2023ರಲ್ಲಿ ಅದು ಸಂಗೀತದ ಪರವಾನಗಿ ವ್ಯವಹಾರ ನಡೆಸುವ ಸಾಂಗ್‌ಟ್ರೇಡರ್ ಕಂಪನಿಗೆ ಮಾರಿತು. ಆ ಕೈಬದಲಾವಣೆಯಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಅದೇ ವರ್ಷ ಅವರು ಕಾರ್ಮಿಕ ಸಂಘ ಕಟ್ಟಿಕೊಂಡಿದ್ದರು ಎಂಬುದನ್ನು ನೆನೆದರೆ ನೋವಾಗುತ್ತದೆ. ಪಾಲಿನ ದರಗಳು ಬದಲಾಗಲಿಲ್ಲ, ಪುಟಗಳು ಹಾಗೆಯೇ ನಡೆದವು. ಆದರೂ ಎರಡು ವರ್ಷದೊಳಗೆ ಎರಡು ಬಾರಿ ಒಡೆಯರು ಬದಲಾದ ಅಂಗಡಿಯಲ್ಲಿ ನಮ್ಮ ಇಡೀ ದಾಸ್ತಾನು ಕುಳಿತಿದೆ ಎಂಬುದನ್ನು ಮರೆಯುವಂತಿಲ್ಲ. ಸಬ್‌ವರ್ಟ್, ಮಿರ್ಲೋ ಮುಂತಾದ ಸಹಕಾರಿ ಮಾದರಿಯ ಪ್ರಯತ್ನಗಳನ್ನು ನಾನು ಆಸ್ಥೆಯಿಂದ ಗಮನಿಸುತ್ತಿದ್ದೇನೆ. ನಮ್ಮ ಕೇಳುಗರು ಅಲ್ಲಿಗೆ ಹೋದ ದಿನ ನಾವೂ ಹೋಗುತ್ತೇವೆ.

ಅಲ್ಲಿಯವರೆಗೆ, ಪತ್ರ ಕಳುಹಿಸಲು ಒಪ್ಪಿಗೆ ಕೊಟ್ಟ ಕೇಳುಗರ ಪಟ್ಟಿಯನ್ನು ಬ್ಯಾಂಡ್‌ಕ್ಯಾಂಪ್ ಇಳಿಸಿಕೊಳ್ಳಲು ಬಿಡುತ್ತದೆ, ಅದನ್ನು ಪ್ರತಿ ತಿಂಗಳ ಮೊದಲ ದಿನ ಇಳಿಸಿಕೊಂಡು ಮಾಸ್ಟರ್ ಕಡತಗಳ, ಮುಖಪುಟದ ಚಿತ್ರಗಳ ಜೊತೆ ಎರಡು ಡಿಸ್ಕುಗಳಲ್ಲಿ ಇಡುತ್ತೇನೆ. ಹೊಸದಾಗಿ ಲೇಬಲ್ ತೆರೆಯುವವರು ನನ್ನನ್ನು ಕೇಳಿದರೆ, ಬ್ಯಾಂಡ್‌ಕ್ಯಾಂಪಿನಲ್ಲೇ ಆರಂಭಿಸಿ ಎನ್ನುತ್ತೇನೆ, ಈ ತಿಂಗಳ ಕೆಲಸವನ್ನು ಮೊದಲ ಕ್ಯಾಸೆಟ್ ಮಾರಿದ ದಿನದಿಂದಲೇ ಶುರು ಮಾಡಿ ಎಂದೂ ಹೇಳುತ್ತೇನೆ. ಪ್ರತಿ ಮಾಡಿಸಿದ ಕ್ಯಾಸೆಟ್‌ಗಳಲ್ಲಿ ಮೂರನ್ನಲ್ಲ, ಹತ್ತನ್ನಾದರೂ ಎರಡೂ ಬದಿ ಪೂರ್ತಿ ಕೇಳಿ ಕಳುಹಿಸಿ.